ಸಮೃದ್ಧ ಸಂಖ್ಯೆಗೊಂದು ಮನೆ

ಎಲ್ಲ ಅನರ್ಥಕ್ಕೂ ಮೂಲ ಒಂದು ಸುತ್ತೋಲೆ. ತೂಕ ಮತ್ತು ಅಳತೆ ಕಚೇರಿಯಲ್ಲಿ ಸುತ್ತೋಲೆ ಹೊರಡದ ದಿನವಿಲ್ಲ, ಹೊರಟದ್ದನ್ನು ಓದುವ ನೌಕರನೂ ಇಲ್ಲ. ಆದರೆ ಆ ದಿನ ಬೆಳಿಗ್ಗೆ ಜವಾನ ಸೂಚನಾ ಫಲಕಕ್ಕೆ ನಾಲ್ಕೂ ಮೂಲೆಯಲ್ಲಿ ಪಿನ್ನು ಚುಚ್ಚಿ ಹಾಕಿದ ಹಾಳೆಯಲ್ಲಿ 'ಮನೆ' ಎಂಬ ಪದವಿತ್ತು. ಹತ್ತು ಗಂಟೆಗೆ ಬರಬೇಕಾದವರು ನಿಜವಾಗಿಯೂ ಹತ್ತು ಗಂಟೆಗೇ ಬಂದು ಫಲಕದ ಮುಂದೆ ನಿಂತಿದ್ದರು ಎಂದಮೇಲೆ ಆ ಪದದ ಮಹಿಮೆಯನ್ನು ಬೇರೆ ಹೇಳಬೇಕಾಗಿಲ್ಲ.

ಖಾಲಿಯಾಗಿದ್ದದ್ದು ಕಚೇರಿಯ ವಸತಿ ಕಟ್ಟಡದ ನೆಲಮಹಡಿಯ ಮನೆ. ಅದಕ್ಕೆ ಅರ್ಜಿ ಹಾಕಿದ್ದವರು ಇಬ್ಬರು. ಒಬ್ಬ ಟಪಾಲು ಗುಮಾಸ್ತ. ಬಂದ ಕಾಗದಗಳನ್ನು ತಲೆಯ ಕೆಳಗಿಟ್ಟುಕೊಂಡು ಮಲಗುವುದರಲ್ಲಿ ಅವನಿಗೆ ಇಪ್ಪತ್ತು ವರ್ಷದ ಅನುಭವವಿತ್ತು. ಇನ್ನೊಬ್ಬ ಮುದ್ರೆ ವಿಭಾಗದ ಗುಮಾಸ್ತ. ಅಂಗಡಿಯವರು ತರುವ ತೂಕದ ಬಟ್ಟುಗಳನ್ನು ಪರೀಕ್ಷಿಸಿ, ಮುದ್ರೆ ಒತ್ತಿಸಿ, ರಿಜಿಸ್ಟರಿನಲ್ಲಿ ಬರೆದುಕೊಳ್ಳುವುದು ಅವನ ಕೆಲಸ. ಗಾಳಿ ಬೀಸಿದರೆ ಹಾರಿಹೋಗುವಂಥ ಮೈಕಟ್ಟಿನಿಂದಾಗಿ ಕಚೇರಿ ಅವನಿಗೆ 'ಕಾಲ್ಕೇಜಿ' ಎಂದು ನಾಮಕರಣ ಮಾಡಿತ್ತು. ಈಗ ಅವನ ನಿಜವಾದ ಹೆಸರು ಸೇವಾ ಪುಸ್ತಕಕ್ಕೆ ಮತ್ತು ಅವನ ತಾಯಿಗೆ ಮಾತ್ರ ನೆನಪಿತ್ತು.

ಆ ತಾಯಿಗಾಗಿಯೇ ಅವನಿಗೆ ಮನೆ ಬೇಕಾಗಿತ್ತು. ಅವರಿದ್ದದ್ದು ಅದೇ ಕಟ್ಟಡದ ಮೂರನೇ ಮಹಡಿಯಲ್ಲಿ. ಐವತ್ತನಾಲ್ಕು ಮೆಟ್ಟಿಲು. ಎರಡೂ ಮೊಣಕಾಲು ಕೈಕೊಟ್ಟಿದ್ದ ಮುದುಕಿ ಹನ್ನೊಂದು ತಿಂಗಳಿಂದ ನೆಲಕ್ಕೆ ಇಳಿದಿರಲಿಲ್ಲ. "ನನಗೇನು ಅರಮನೆ ಬೇಡ ಕಣೋ. ಬಾಗಿಲು ತೆಗೆದ್ರೆ ಬೀದಿ ಕಾಣ್ಬೇಕು, ಕಾಲು ಹೊರಗಿಟ್ರೆ ನೆಲ ಸಿಗ್ಬೇಕು, ಅಷ್ಟೇ" ಎಂದು ಅವಳು ಹೇಳುತ್ತಿದ್ದಳು. 

ಸುತ್ತೋಲೆ ಹೀಗಿತ್ತು: "ಖಾಲಿಯಿರುವ ವಸತಿಗೃಹವನ್ನು ಶಿಫಾರಸು, ಹಿರಿತನ, ಅನಾರೋಗ್ಯ, ಕಣ್ಣೀರು ಇತ್ಯಾದಿ ಯಾವುದನ್ನೂ ಪರಿಗಣಿಸದೆ, ನೌಕರರ ಸಂಖ್ಯೆಯ ಗಣಿತೀಯ ಗುಣದ ಆಧಾರದ ಮೇಲೆ ಮಂಜೂರು ಮಾಡಲಾಗುವುದು. ಅತ್ಯಂತ ಸಮೃದ್ಧವಾದ ಸಂಖ್ಯೆಗೆ ಮನೆ. ಅರ್ಜಿದಾರರು ತಮ್ಮ ಸಂಖ್ಯೆಯ ಭಾಜಕಗಳನ್ನೆಲ್ಲ ಏರಿಕೆಯ ಕ್ರಮದಲ್ಲಿ ಬರೆದು ಇಂದು ಸಂಜೆ ನಾಲ್ಕರೊಳಗೆ ಸಲ್ಲಿಸತಕ್ಕದ್ದು. ಒಂದು ಬಿಟ್ಟುಹೋದರೆ ಅರ್ಜಿ ತಿರಸ್ಕೃತ. ಒಂದು ಸುಳ್ಳಾದರೆ ಶಿಸ್ತುಕ್ರಮ. ಯಂತ್ರದ ನೆರವು ನಿಷಿದ್ಧ."

ಇದು ಹೊಸ ನಿರ್ದೇಶಕರ ಕೈಬರಹ. ಅವರು ಸಂಖ್ಯೆಗಳ ವಿಷಯದಲ್ಲಿ ಡಾಕ್ಟರೇಟ್ ಪಡೆದವರು. ಮನುಷ್ಯರನ್ನು ಕಂಡರೆ ಅವರಿಗೆ ಮುಜುಗರ, ಸಂಖ್ಯೆಗಳನ್ನು ಕಂಡರೆ ಕರುಳು ಕರಗುತ್ತಿತ್ತು. ಬಂದ ಮೊದಲ ದಿನವೇ ಹಾಜರಿ ಪುಸ್ತಕ ತರಿಸಿ, ನೌಕರರ ಹೆಸರುಗಳ ಮೇಲೆ ಒಂದು ಕಾಗದ ಮುಚ್ಚಿಟ್ಟು, ಬರೀ ಸಂಖ್ಯೆಗಳನ್ನು ಓದಿ ಎಲ್ಲರ ಗುಣಸ್ವಭಾವ ತಿಳಿದುಕೊಂಡಿದ್ದರು. ಟಪಾಲು ಗುಮಾಸ್ತನ ಕೈ ಕುಲುಕಿ, "ಹತ್ತು ಲಕ್ಷದೊಳಗಿನ ಅತಿ ದೊಡ್ಡ ಅವಿಭಾಜ್ಯ ಸಂಖ್ಯೆ ನೀವು" ಎಂದಿದ್ದರು. ಅವನ ಸಂಖ್ಯೆ ೯೯೯೯೮೩. ತನ್ನನ್ನು ಯಾವುದೋ ಕಾಯಿಲೆಯವನೆಂದರೆಂದು ಅವನು ಎರಡು ದಿನ ರಜೆ ಹಾಕಿದ್ದ.

ಫಲಕದ ಮುಂದೆ ಹೆಡ್ ಕ್ಲರ್ಕು ಉಪನ್ಯಾಸಕ್ಕೆ ನಿಂತರು. ಯಾರೂ ಕೇಳದಿದ್ದರೂ ವಿವರಿಸುವುದು ಅವರ ಹುಟ್ಟುಗುಣ.

"ಭಾಜಕ ಅಂದ್ರೆ ಶೇಷ ಉಳಿಸ್ದೆ ಭಾಗಿಸೋ ಸಂಖ್ಯೆ. ಈಗ ಆರನ್ನ ತಗೊಳ್ಳಿ. ಅದನ್ನ ಬಿಟ್ಟು ಅದರ ಭಾಜಕಗಳು ಒಂದು, ಎರಡು, ಮೂರು. ಕೂಡಿಸಿದ್ರೆ ಆರೇ. ಅದು ಪರಿಪೂರ್ಣ ಸಂಖ್ಯೆ. ಎಂಟಕ್ಕೆ ಒಂದು, ಎರಡು, ನಾಲ್ಕು. ಕೂಡಿಸಿದ್ರೆ ಏಳೇ ಆಯ್ತು. ಅದು ಕೊರತೆ ಸಂಖ್ಯೆ. ಹನ್ನೆರಡಕ್ಕೆ ಹದಿನಾರು ಬರುತ್ತೆ. ಇರೋದಕ್ಕಿಂತ ಜಾಸ್ತಿ. ಅದು ಸಮೃದ್ಧ."

"ಅಂದ್ರೆ ಇರೋರಿಗೇ ಇನ್ನೊಂದಿಷ್ಟು ಕೊಡೋದು ಅನ್ನಿ" ಎಂದರು ಟೈಪಿಸ್ಟ್ ಮೇಡಂ. "ಇದರಲ್ಲಿ ಹೊಸದೇನಿದೆ?"

ಟಪಾಲು ಗುಮಾಸ್ತ ನಿಂತಲ್ಲೇ ಭಾಜಕಗಳ ಪಟ್ಟಿ ತುಂಬಿದ. ಅವಿಭಾಜ್ಯ ಸಂಖ್ಯೆಗೆ ಭಾಜಕಗಳು ಎರಡೇ, ಒಂದು ಮತ್ತು ತಾನು. ಅರ್ಧ ನಿಮಿಷದಲ್ಲಿ ಎರಡನ್ನೂ ಬರೆದು, ಸಹಿ ಹಾಕಿ, ಕೊಟ್ಟು, ತನ್ನ ಮೇಜಿಗೆ ಹೋಗಿ ಮಲಗಿದ. ತನ್ನನ್ನು ಬಿಟ್ಟರೆ ಅವನ ಒಟ್ಟು ಆಸ್ತಿ ಒಂದು. ಕೊರತೆ ಒಂಬತ್ತು ಲಕ್ಷ ತೊಂಬತ್ತೊಂಬತ್ತು ಸಾವಿರದ ಒಂಬೈನೂರ ಎಂಬತ್ತೆರಡು. ಇಂಥ ದಾರಿದ್ರ್ಯವನ್ನು ಅಷ್ಟು ನೆಮ್ಮದಿಯಿಂದ ಹೊತ್ತು ಮಲಗಿದವನನ್ನು ಕಚೇರಿ ಅದುವರೆಗೆ ಕಂಡಿರಲಿಲ್ಲ.

ಕಾಲ್ಕೇಜಿಯ ಸಂಖ್ಯೆ ೭೨೦೭೨೦. ಹೆಡ್ ಕ್ಲರ್ಕು ಅದನ್ನು ಒಂದು ಸಲ ಓದಿ, ಕನ್ನಡಕ ತೆಗೆದು ಒರೆಸಿ, ಮತ್ತೊಮ್ಮೆ ಓದಿದರು.

"ಲೋ ಕಾಲ್ಕೇಜಿ, ನೀನು ಕುಬೇರ ಕಣೋ. ಏಳುನೂರ ಇಪ್ಪತ್ತು ಇಂಟು ಸಾವಿರದ ಒಂದು. ಮನೆ ನಿನ್ನದೇ. ಬರೀತಾ ಕೂತ್ಕೋ."

"ಎಷ್ಟಿರಬಹುದು ಸಾರ್, ಭಾಜಕಗಳು?"

"ಬರೀತಾ ಹೋಗು. ಮುಗಿದಾಗ ಗೊತ್ತಾಗುತ್ತೆ."

ಕಾಲ್ಕೇಜಿ ಬರೆಯಲು ಕೂತ. ಅಷ್ಟರಲ್ಲಿ ತಾಯಿಯ ಫೋನು. ಸುದ್ದಿ ಯಾವ ಗಾಳಿಯಲ್ಲಿ ಮೂರನೇ ಮಹಡಿಗೆ ಹಾರಿತ್ತೋ ತಿಳಿಯದು.

"ಏನೋ, ಕೆಳಗಿನ ಮನೆ ನಮಗೇ ಅಂತಲ್ಲೋ? ಪಾತ್ರೆಗಳನ್ನೆಲ್ಲ ಗಂಟು ಕಟ್ಟಿದ್ದೀನಿ."

"ಇನ್ನೂ ಆಗಿಲ್ಲ ಅಮ್ಮ. ಲೆಕ್ಕ ಮಾಡ್ತಾ ಇದ್ದೀನಿ."

"ಲೆಕ್ಕದಲ್ಲಿ ನೀನು ಮೊದಲಿಂದಲೂ ದಡ್ಡನೇ ಕಣೋ. ಯಾರನ್ನಾದ್ರೂ ಕೇಳಿ ಮಾಡು."

ಕೇಳುವ ಅಗತ್ಯ ಬೀಳಲಿಲ್ಲ. ಕೇಳದೆಯೇ ಇಡೀ ಕಚೇರಿ ಅವನ ಮೇಜಿನ ಸುತ್ತ ನೆರೆಯಿತು. ಬೇರೆ ದಿನ ಒಂದು ಕಡತ ದಾಟಿಸಲು ವಾರ ತೆಗೆದುಕೊಳ್ಳುವವರೆಲ್ಲ ಆ ದಿನ ಪೆನ್ಸಿಲ್ ಹಿಡಿದು ಭಾಗಾಕಾರಕ್ಕೆ ನಿಂತರು. ಟೈಪಿಸ್ಟ್ ಮೇಡಂ ಅಂಕಿಗಳನ್ನು ಕೂಡಿಸಿ, "ಹದಿನೆಂಟು ಬಂತು. ಮೂರರಿಂದಲೂ ಹೋಗುತ್ತೆ, ಒಂಬತ್ತರಿಂದಲೂ ಹೋಗುತ್ತೆ" ಎಂದು ತೀರ್ಪು ಕೊಟ್ಟರು. ಲೆಕ್ಕಪತ್ರದವರು ಇಪ್ಪತ್ತೇಳರಿಂದಲೂ ಹೋಗುತ್ತದೆಂದು ಹಟ ಹಿಡಿದು, ಭಾಗಿಸಿ, ಹೋಗದಿದ್ದಾಗ ಸಂಖ್ಯೆಯೇ ಸರಿಯಿಲ್ಲವೆಂದು ಎದ್ದುಹೋದರು. ಯಾರೋ ಅರವತ್ತನ್ನು ಎರಡು ಸಲ ಬರೆದರು. ಇನ್ಯಾರೋ ಎಪ್ಪತ್ತೇಳರ ಮೇಲೆ ಚಹಾ ಚೆಲ್ಲಿದರು. ಚಹಾದ ಲೋಟವೆತ್ತಿದಾಗ ಅದರಡಿ ಒಂದು ದುಂಡನೆಯ ಗುರುತು ಉಳಿದು, ಅದು ಸೊನ್ನೆಯಾಗಿ, ಎಪ್ಪತ್ತೇಳು ಏಳುನೂರ ಎಪ್ಪತ್ತಾಯಿತು. ಭಾಗಿಸಿ ನೋಡಿದರೆ ಅದೂ ಹೋಗುತ್ತಿತ್ತು.

ಈ ನಡುವೆ ಒಬ್ಬ ಅಂಗಡಿಯವನು ಐದು ಕೇಜಿಯ ಬಟ್ಟು ಹಿಡಿದು ಮುದ್ರೆಗೆ ಬಂದಿದ್ದ. ಕಾಲ್ಕೇಜಿ ತಲೆಯೆತ್ತದೆ ರಿಜಿಸ್ಟರಿನಲ್ಲಿ ಬರೆದು ರಸೀದಿ ಹರಿದುಕೊಟ್ಟ. ಐದು ನಿಮಿಷದ ಮೇಲೆ ಅವನು ತಿರುಗಿ ಬಂದ.

"ಸ್ವಾಮಿ, ಇದರಲ್ಲಿ ಐದು ಸಾವಿರದ ಐದು ಕೇಜಿ ಅಂತ ಇದೆ."

"ಶೇಷ ಉಳಿಯುತ್ತಾ?" ಎಂದ ಕಾಲ್ಕೇಜಿ.

ಅಂಗಡಿಯವನು ಅವನ ಮುಖವನ್ನೂ ರಸೀದಿಯನ್ನೂ ಮೂರು ಸಲ ನೋಡಿ, ತನ್ನ ಬಟ್ಟು ತಬ್ಬಿಕೊಂಡು ಹೊರಟೇಹೋದ.

ಮಧ್ಯಾಹ್ನದ ಹೊತ್ತಿಗೆ ಹೊಸ ಅತಿಥಿಗಳು ಬಂದರು. ಕಚೇರಿಯ ಹಿಂದಿನ ಗೋದಾಮಿನಲ್ಲಿ ಪರೀಕ್ಷೆಯ ದೊಡ್ಡ ಬಟ್ಟುಗಳನ್ನು ಹೊರುವ ಹಮಾಲಿಗಳಿದ್ದರು. ದಿನಗೂಲಿಯವರಾದ್ದರಿಂದ ಅವರಿಗೆ ಆರಂಕಿಯ ಸಂಖ್ಯೆಯ ಭಾಗ್ಯವಿಲ್ಲ. ಎದೆಯ ಮೇಲೆ ಹಿತ್ತಾಳೆಯ ಬಿಲ್ಲೆ, ಅದರ ಮೇಲೆ ಎರಡು, ಮೂರು ಎಂದು ಹದಿನೇಳರವರೆಗೆ. ಒಂದನೇ ಬಿಲ್ಲೆ ಗೇಟಿನ ಮುದಿ ಕಾವಲುಗಾರನದು. ಇಷ್ಟು ದಿನ ಕಾಲ್ಕೇಜಿಯತ್ತ ತಿರುಗಿಯೂ ನೋಡದವರು ಆ ದಿನ ಸಾಲಾಗಿ ಬಂದು ನಿಂತರು.

"ಸಾರ್, ನಾನು ಏಳು. ನನ್ನನ್ನ ಹಾಕ್ಕೊಂಡ್ರಾ?" ಎಂದ ಏಳನೇ ಬಿಲ್ಲೆಯವನು.

ಕಾಲ್ಕೇಜಿ ಭಾಗಿಸಿದ. ಒಂದು ಲಕ್ಷದ ಎರಡು ಸಾವಿರದ ಒಂಬೈನೂರ ಅರವತ್ತು ಸಲ, ಶೇಷವಿಲ್ಲ. "ಹಾಕ್ಕೊಂಡೆ ಕಣಪ್ಪ."

"ನಾನು ಹನ್ನೊಂದು ಸಾರ್." ಹೋಯಿತು. "ಹದಿಮೂರು ಸಾರ್." ಅದೂ ಹೋಯಿತು. ಹದಿನಾರರವರೆಗೆ ಒಬ್ಬನೂ ತಪ್ಪಲಿಲ್ಲ. ಹದಿನೇಳನೆಯವನು ಮುಂದೆ ಬಂದಾಗ ಮಾತ್ರ ಲೆಕ್ಕ ಮುಗ್ಗರಿಸಿತು.

"ನಿನ್ನದು ಹೋಗಲ್ಲವಲ್ಲಯ್ಯ. ಐದು ಉಳಿಯುತ್ತೆ."

"ಐದೇ ತಾನೇ ಸಾರ್. ಏಳು ಲಕ್ಷದಲ್ಲಿ ಐದು ಒಂದು ಲೆಕ್ಕವಾ? ಅಡ್ಜಸ್ಟ್ ಮಾಡ್ಕೊಳ್ಳಿ."

"ಸುಳ್ಳು ಬರೆದ್ರೆ ಶಿಸ್ತುಕ್ರಮ ಕಣಯ್ಯ."

ಹದಿನೇಳನೆಯವನ ಕಣ್ಣಲ್ಲಿ ನೀರು ಬಂತು. ಉಳಿದವರು ಅವನ ಬೆನ್ನು ಸವರುತ್ತ ಕರೆದೊಯ್ದರು. ಪರರ ಮನೆಗಾಗಿ ಹೀಗೆ ಮರುಗುವ ಜನ ಈ ಕಾಲದಲ್ಲೂ ಇದ್ದಾರಲ್ಲ ಎಂದು ಕಾಲ್ಕೇಜಿಗೆ ಮನಸ್ಸು ತುಂಬಿ ಬಂತು. ಇವರನ್ನು ಇಷ್ಟು ವರ್ಷ 'ಏಯ್' ಎಂದು ಕರೆದೆನಲ್ಲ ಎಂದು ನಾಚಿಕೆಯೂ ಆಯಿತು. ಎಲ್ಲರಿಗೂ ತನ್ನ ಲೆಕ್ಕದಲ್ಲಿ ಚಹಾ ಹೇಳಿದ.

ಮೂರು ಗಂಟೆಗೆ ಪಟ್ಟಿ ಮುಗಿಯಿತು. ಒಂದರಿಂದ ಶುರುವಾಗಿ ಒಂಬತ್ತು ಪುಟ. ಎಣಿಸಿದರೆ ಇನ್ನೂರ ಮೂವತ್ತೊಂಬತ್ತು. ಹೆಡ್ ಕ್ಲರ್ಕು ಬೆರಳು ಮಡಿಚುತ್ತ ಏನೋ ಗುಣಿಸಿದರು.

"ಇದರೊಳಗೆ ಎರಡು ನಾಲ್ಕು ಸಲ ಇದೆ, ಮೂರು ಎರಡು ಸಲ, ಐದು, ಏಳು, ಹನ್ನೊಂದು, ಹದಿಮೂರು ಒಂದೊಂದು ಸಲ. ಪ್ರತಿಯೊಂದರ ಸಲಕ್ಕೂ ಒಂದು ಕೂಡಿಸಿ ಗುಣಿಸಿದ್ರೆ ಭಾಜಕಗಳು ಇನ್ನೂರ ನಲವತ್ತು ಬರ್ಬೇಕು. ಒಂದು ಕಮ್ಮಿ ಇದೆ."

ಒಂದು ಬಿಟ್ಟುಹೋದರೆ ಅರ್ಜಿ ತಿರಸ್ಕೃತ. ಆಮೇಲೆ ಮನೆ ಆ ನಿದ್ರಾಳುವಿಗೆ. ಗಂಟು ಕಟ್ಟಿದ ಪಾತ್ರೆಗಳ ಮಧ್ಯೆ ಕೂತ ತಾಯಿ ಕಣ್ಣಮುಂದೆ ಬಂದಳು.

"ಗಾಬರಿ ಬೇಡ" ಎಂದರು ಹೆಡ್ ಕ್ಲರ್ಕು, ಗಾಬರಿಯಿಂದ. "ಭಾಜಕಗಳು ಜೋಡಿ ಜೋಡಿಯಾಗಿರ್ತವೆ. ಎಂಟುನೂರ ನಲವತ್ತಕ್ಕೆ ಎಂಟುನೂರ ಐವತ್ತೆಂಟು ಜೋಡಿ. ಗುಣಿಸಿದ್ರೆ ನಿನ್ನ ಸಂಖ್ಯೆ. ಹಾಗೆ ಒಂದೊಂದನ್ನೇ ಹೊಂದಿಸ್ತಾ ಹೋಗೋಣ. ಯಾವುದು ಒಂಟಿಯೋ ಅದರ ಜೋಡಿ ಕಾಣೆಯಾಗಿದೆ."

ನಡುವಿನಿಂದ ಶುರು ಮಾಡಿ ಹೊರಗೆ ಬಂದರು. ಜೋಡಿ ಸಿಕ್ಕವಕ್ಕೆ ಟೈಪಿಸ್ಟ್ ಮೇಡಂ ಕೆಂಪು ಪೆನ್ಸಿಲ್ಲಿನಲ್ಲಿ ಗುರುತು ಹಾಕಿದರು. ಮೂರಕ್ಕೆ ಎರಡು ಲಕ್ಷ ನಲವತ್ತು ಸಾವಿರದ ಇನ್ನೂರ ನಲವತ್ತು ಇತ್ತು. ಎರಡಕ್ಕೆ ಮೂರು ಲಕ್ಷ ಅರವತ್ತು ಸಾವಿರದ ಮುನ್ನೂರ ಅರವತ್ತೂ ಇತ್ತು. ಎಲ್ಲರೂ ಸಂಸಾರಸ್ಥರೇ. ಗಡಿಯಾರ ಮೂರೂಮುಕ್ಕಾಲು ತೋರಿಸಿತು. ಮತ್ತೆ ಮೊದಲಿಂದ ನೋಡಬೇಕೆಂದು ಹೆಡ್ ಕ್ಲರ್ಕು, ಸಮಯವಿಲ್ಲವೆಂದು ಮೇಡಂ, ಇಬ್ಬರೂ ಜಗಳಕ್ಕೆ ನಿಂತರು. ಕಾಲ್ಕೇಜಿ ತಲೆಯ ಮೇಲೆ ಕೈ ಹೊತ್ತು ಕೂತ.

ಬಾಗಿಲ ಬಳಿ ನಿಂತಿದ್ದ ಒಂದನೇ ಬಿಲ್ಲೆಯ ಕಾವಲುಗಾರ ಮೆಲ್ಲಗೆ ಕೆಮ್ಮಿದ.

"ಸಾರ್, ಎಲ್ಲರಿಗೂ ಜೋಡಿ ಹುಡುಕಿದ್ರಿ. ನನ್ನ ಜೋಡಿ ಯಾರು?"

ಮೂವರೂ ಪಟ್ಟಿಯ ತುದಿ ನೋಡಿದರು. ಒಂದರ ಜೋಡಿ ಏಳು ಲಕ್ಷದ ಇಪ್ಪತ್ತು ಸಾವಿರದ ಏಳುನೂರ ಇಪ್ಪತ್ತು. ಬೆಳಗಿನಿಂದ ಊರಿನ ಸಂಖ್ಯೆಗಳನ್ನೆಲ್ಲ ಕರೆದು ಕೂರಿಸಿದ್ದ ಕಾಲ್ಕೇಜಿ ತನ್ನನ್ನೇ ಬರೆದುಕೊಂಡಿರಲಿಲ್ಲ. ಕಾವಲುಗಾರನ ಕೈ ಹಿಡಿದು ಕಣ್ಣಿಗೊತ್ತಿಕೊಂಡು, ಒಂಬತ್ತನೇ ಪುಟದ ಕೊನೆಯ ಸಾಲಿನಲ್ಲಿ ತನ್ನ ಸಂಖ್ಯೆಯನ್ನು ದಪ್ಪಗೆ ಬರೆದ. ಕೆಳಗೆ ಸಹಿ ಹಾಕಿದ. ನಾಲ್ಕಕ್ಕೆ ಎರಡು ನಿಮಿಷವಿದ್ದಾಗ ನಿರ್ದೇಶಕರ ಕೋಣೆಗೆ ಓಡಿದ. ಹಿಂದೆ ಇಡೀ ಕಚೇರಿ, ಅದರ ಹಿಂದೆ ಹದಿನಾರು ಬಿಲ್ಲೆ.

ನಿರ್ದೇಶಕರು ಪಟ್ಟಿಯನ್ನು ಪ್ರೇಮಪತ್ರ ಓದುವವರಂತೆ ಓದಿದರು. ನಡುನಡುವೆ "ಆಹಾ" ಎಂದರು.

"ನಿಮ್ಮನ್ನ ಬಿಟ್ಟು ಉಳಿದವರ ಮೊತ್ತ?"

"ಇಪ್ಪತ್ತೈದು ಲಕ್ಷದ ಇಪ್ಪತ್ತೊಂಬತ್ತು ಸಾವಿರದ ಎಪ್ಪತ್ತೆರಡು ಸಾರ್."

"ಮೂರೂವರೆ ಪಟ್ಟು. ಎಂಥ ಸಮೃದ್ಧಿ. ಒಂದರಿಂದ ಹದಿನಾರರವರೆಗೆ ಎಲ್ಲದರಿಂದಲೂ ಭಾಗವಾಗೋ ಸಂಖ್ಯೆಗಳಲ್ಲಿ ಅತಿ ಸಣ್ಣವರು ನೀವು. ಗೊತ್ತಾ?"

"ಸಣ್ಣವನು ಅಂತ ಗೊತ್ತು ಸಾರ್."

ನಿರ್ದೇಶಕರು ಮಂಜೂರಾತಿಗೆ ಸಹಿ ಹಾಕಿ, ಡ್ರಾಯರಿನಿಂದ ಬೀಗದ ಕೈ ತೆಗೆದರು. ಕಾಲ್ಕೇಜಿ ಎರಡೂ ಕೈ ಚಾಚಿದ. ಬೀಗದ ಕೈ ಅವನ ಕೈಗಳ ಮೇಲಿನಿಂದ ದಾಟಿ, ಹಿಂದೆ ನಿಂತಿದ್ದ ಕಾವಲುಗಾರನ ಅಂಗೈಗೆ ಬಿತ್ತು.

"ಸಾರ್, ಮನೆ ನನಗೆ ಅಲ್ವಾ?"

"ನಿಮ್ಮ ಸಂಖ್ಯೆಗೇ. ಅದರಲ್ಲಿ ಎರಡು ಮಾತಿಲ್ಲ. ಸುತ್ತೋಲೆಯ ಹಿಂಬದಿ ಓದಿದ್ದೀರಿ ತಾನೇ?"

ಯಾರೂ ಓದಿರಲಿಲ್ಲ. ನಾಲ್ಕೂ ಮೂಲೆಗೆ ಪಿನ್ನು ಚುಚ್ಚಿದ ಹಾಳೆಯ ಹಿಂಬದಿ ಫಲಕದ ಹಲಗೆಗೆ ಮುಖ ಮಾಡಿತ್ತು. ಆದರೆ ಗೋದಾಮಿಗೆ ಕಳಿಸಿದ ಪ್ರತಿಯನ್ನು ಹಮಾಲಿಗಳು ದಾರ ಕಟ್ಟಿ ತೂಗುಹಾಕಿದ್ದರು. ಅದು ಗಾಳಿಗೆ ತಿರುಗುತ್ತ, ಎರಡೂ ಬದಿಯನ್ನು ಎಲ್ಲರಿಗೂ ಬೆಳಗಿನಿಂದ ತೋರಿಸುತ್ತಿತ್ತು. ನಿರ್ದೇಶಕರೇ ಬಾಯಿಪಾಠ ಒಪ್ಪಿಸಿದರು:

"ಯಾವ ಸಂಖ್ಯೆಯ ಸಮೃದ್ಧಿಯೂ ಅದರದಲ್ಲ, ಅದರ ಭಾಜಕಗಳದು. ಆದಕಾರಣ ಮಂಜೂರಾದ ಮನೆಯಲ್ಲಿ ಸದರಿ ಸಂಖ್ಯೆಯ ಭಾಜಕಗಳು ಏರಿಕೆಯ ಕ್ರಮದಲ್ಲಿ, ಒಂದು ಸಲಕ್ಕೆ ನಾಲ್ವರಂತೆ, ಎರಡೆರಡು ವರ್ಷ ವಾಸಿಸತಕ್ಕದ್ದು. ಪಟ್ಟಿ ಮುಗಿಯುವವರೆಗೆ ಅರ್ಜಿದಾರರು ಬೇರೆ ಮನೆಗೆ ಅರ್ಜಿ ಹಾಕತಕ್ಕದ್ದಲ್ಲ."

"ಪಟ್ಟಿಯಲ್ಲಿ ನಾನೂ ಇದ್ದೀನಲ್ಲ ಸಾರ್" ಎಂದ ಕಾಲ್ಕೇಜಿ, ಮುಳುಗುವವನಂತೆ.

"ಖಂಡಿತ ಇದ್ದೀರಿ. ಪ್ರತಿ ಸಂಖ್ಯೆಯೂ ತನ್ನ ಭಾಜಕವೇ. ಆದರೆ ತನ್ನ ಭಾಜಕಗಳಲ್ಲೆಲ್ಲ ಅದೇ ದೊಡ್ಡದು. ನೀವು ಇನ್ನೂರ ನಲವತ್ತನೆಯವರು. ನಾಲ್ಕು ನಾಲ್ಕು ಜನ, ಅರವತ್ತು ತಂಡ. ನಿಮ್ಮದು ಕೊನೆಯ ತಂಡ. ನೂರ ಹದಿನೆಂಟು ವರ್ಷದ ಮೇಲೆ ಬನ್ನಿ."

"ಈ ಪಟ್ಟಿಯಲ್ಲಿ ಮುಕ್ಕಾಲು ಪಾಲು ಸಂಖ್ಯೆಗಳಿಗೆ ನೌಕರರೇ ಇಲ್ಲವಲ್ಲ ಸಾರ್."

"ಇವತ್ತು ಇಲ್ಲ, ನಾಳೆ ನೇಮಕವಾಗಬಹುದು. ಇನ್ನೂ ಹುಟ್ಟದವರ ಹಕ್ಕು ಕಿತ್ಕೊಳ್ಳೋಕೆ ನಾನ್ಯಾರು?" ನಿರ್ದೇಶಕರ ದನಿ ಗದ್ಗದವಾಯಿತು.

ಹೊರಗೆ ಟಪಾಲು ಗುಮಾಸ್ತ ಆಗಷ್ಟೇ ಎದ್ದು ಆಕಳಿಸುತ್ತಿದ್ದ. ವಿಷಯ ಕೇಳಿ ತಲೆದೂಗಿದ. "ಸೋತಿದ್ದು ಒಳ್ಳೇದೇ ಆಯ್ತು. ನಾನು ಮುಂದಿನ ತಿಂಗಳು ಖಾಲಿಯಾಗೋ ಮನೆಗೆ ಅರ್ಜಿ ಹಾಕಬಹುದು. ಗೆದ್ದಿದ್ರೂ ನನ್ನ ಪಟ್ಟಿಯಲ್ಲಿ ನಾನು ಎರಡನೆಯವನೇ, ಮೊದಲ ತಂಡದಲ್ಲೇ ಸೇರ್ತಿದ್ದೆ ಬಿಡು" ಎಂದು ಚೀಲ ಹೆಗಲಿಗೇರಿಸಿದ. ಹೆಡ್ ಕ್ಲರ್ಕೂ ಮೇಡಮ್ಮೂ, ತಾವು ಬೆಳಿಗ್ಗೆಯೇ ಹೇಳಿದ್ದೆವೆಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತ ಹೊರಟುಹೋದರು.

ಕಾಲ್ಕೇಜಿ ಕಾಲೆಳೆದುಕೊಂಡು ಮನೆಯ ದಾರಿ ಹಿಡಿದ. ಕಟ್ಟಡದ ಬಳಿ ಬಂದರೆ ನೆಲಮಹಡಿಯ ಬಾಗಿಲು ತೆರೆದಿತ್ತು. ಒಂದು, ಎರಡು, ಮೂರು, ನಾಲ್ಕನೇ ಬಿಲ್ಲೆಯವರು ಹಾಸಿಗೆ, ಟ್ರಂಕು ಒಳಗೊಯ್ಯುತ್ತಿದ್ದರು. ಹೊಸ್ತಿಲ ಮೇಲೆ ಕಾಲು ಚಾಚಿ ಕೂತಿದ್ದವಳು ಅವನ ತಾಯಿ.

ಮೇಲಿನ ಕಿಟಕಿಯಿಂದ ಬಾಗಿಲು ತೆಗೆದದ್ದನ್ನು ನೋಡಿದ್ದಳು. ಮಗ ಸಾಮಾನು ಸಾಗಿಸಲು ಆಳು ಕಳಿಸಿದ್ದಾನೆಂದು ತಿಳಿದು, ಗೋಡೆ ಹಿಡಿದು, ಮೆಟ್ಟಿಲಿಗೊಮ್ಮೆ ಕೂತು, ಐವತ್ತನಾಲ್ಕನ್ನೂ ಒಬ್ಬಳೇ ಇಳಿದು ಬಂದಿದ್ದಳು. ಈಗ ಮೂರನೇ ಬಿಲ್ಲೆಯವನಿಗೆ ಮಂಚ ಯಾವ ಗೋಡೆಗೆ ಹಾಕಬೇಕೆಂದು ಹೇಳುತ್ತಿದ್ದಳು. ಅವನು ಪಾಪ, ಹೇಳಿದಂತೆ ಹಾಕುತ್ತಿದ್ದ. ಬೀದಿಯ ಬೆಳಕು ಅವಳ ಮುಖದ ಮೇಲಿತ್ತು. ಹನ್ನೊಂದು ತಿಂಗಳಲ್ಲಿ ಆ ಮುಖ ಇಷ್ಟು ಅರಳಿದ್ದನ್ನು ಕಾಲ್ಕೇಜಿ ನೋಡಿರಲಿಲ್ಲ.

"ಅಮ್ಮ, ಮೇಲೆ ಹೋಗೋಣ" ಎಂದ.

ತಾಯಿ ಅವನ ಮುಖ ನೋಡಿದಳು, ಒಳಗಿನ ಟ್ರಂಕುಗಳನ್ನು ನೋಡಿದಳು.

"ಅಜ್ಜೀನ ನಾವು ಎತ್ಕೊಂಡು ಹೋಗ್ತೀವಿ ಸಾರ್" ಎಂದು ಎರಡನೇ ಬಿಲ್ಲೆಯವನು ಮುಂದೆ ಬಂದ. ಐವತ್ತು ಕೇಜಿಯ ಬಟ್ಟನ್ನು ಒಂದೇ ಕೈಯಲ್ಲಿ ಎತ್ತುವವನು. ಕಾಲ್ಕೇಜಿ ಬೇಡವೆಂದು ತಲೆಯಾಡಿಸಿ, ಬಗ್ಗಿ ತಾಯಿಯನ್ನು ಬೆನ್ನಿಗೇರಿಸಿಕೊಂಡ. ಮೊದಲ ಮಹಡಿಗೆ ಬರುವಷ್ಟರಲ್ಲಿ ಉಸಿರು ಬಾಯಿಗೆ ಬಂತು. ಎರಡನೆಯದರಲ್ಲಿ ಮೊಣಕಾಲು ನಡುಗತೊಡಗಿತು. ಅಲ್ಲಿ ಗೋಡೆಗೆ ಒರಗಿ ನಿಂತಾಗ ಬೆನ್ನ ಮೇಲಿನಿಂದ ತಾಯಿ ಕೇಳಿದಳು.

"ಮನೆ ಸಿಗಲಿಲ್ವೇನೋ?"

"ಸಿಕ್ಕಿದೆ ಅಮ್ಮ."

"ಮತ್ತೆ ಯಾವಾಗ ಇಳಿಯೋದು?"

"ನೂರ ಹದಿನೆಂಟು ವರ್ಷ ಆಗಬೇಕಂತೆ."

ತಾಯಿ ಅವನ ಹೆಗಲು ತಟ್ಟಿದಳು.

"ಆಗಲಿ ಬಿಡು. ಅಷ್ಟರಲ್ಲಿ ನನ್ನ ಮೊಣಕಾಲೂ ಸರಿಹೋಗಿರುತ್ತೆ."